ಶಕ್ತಿ, ಬಲ, ಸಾಮರ್ಥ್ಯ: ಭೌತವಿಜ್ಞಾನದ ಲೆಕ್ಕ ಬಿಡಿಸುವಾಗ ನಿಮ್ಮ ಕಡೆ ಏನಂತೀರಿ?

ಗೆಳೆಯರೇ, ನಮಸ್ಕಾರ.

ನನ್ನ ಮುಖ್ಯ ಪ್ರಶ್ನೆ ಇದು. ‘ಪವರ್’ ಎಂಬುದಕ್ಕೆ ನಮ್ಮ ಪಠ್ಯಪುಸ್ತಕದಲ್ಲಿ ‘ಸಾಮರ್ಥ್ಯ’ ಎಂದಿದೆ. ನಿಮ್ಮ ಊರಿನ ಜನ ದಿನದ ಮಾತಿನಲ್ಲಿ ಈ ಅರ್ಥಕ್ಕೆ ಯಾವ ಪದ ಬಳಸುತ್ತಾರೆ? ಪಂಪು, ಲಾರಿ, ಎತ್ತು, ಆಳು, ಯಾವುದರ ಬಗ್ಗೆ ಆದರೂ ಸರಿ. ಒಂದೇ ಕೆಲಸವನ್ನು ಒಂದು ಯಂತ್ರ ಬೇಗ ಮಾಡುತ್ತದೆ, ಇನ್ನೊಂದು ನಿಧಾನವಾಗಿ ಮಾಡುತ್ತದೆ. ಈ ವ್ಯತ್ಯಾಸಕ್ಕೆ ಮನೆಯಲ್ಲಿ, ತೋಟದಲ್ಲಿ, ಬಂದರಿನಲ್ಲಿ ಏನು ಹೆಸರು?

ನಾನು ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಂಜೆ ಹೊತ್ತು ವಿಜ್ಞಾನದ ಲೆಕ್ಕ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದವರು. ಹೆಚ್ಚಿನವರ ಮನೆಮಾತು ಕೊಂಕಣಿ. ಕೆಲವರದು ಮರಾಠಿ. ಶಿರಸಿ, ಸಿದ್ದಾಪುರ ಕಡೆಯಿಂದ ಬಂದು ಇಲ್ಲಿ ಓದುವ ಹವ್ಯಕರ ಮಕ್ಕಳೂ ಇದ್ದಾರೆ. ಇವರ ಲೆಕ್ಕ ತಪ್ಪುವುದು ಗುಣಾಕಾರ, ಭಾಗಾಕಾರದಲ್ಲಿ ಅಂತ ಮನೆಯವರು ತಿಳಿದಿರುತ್ತಾರೆ. ನನಗೆ ಕಾಣುವುದು ಬೇರೆ. ಪ್ರಶ್ನೆ ಓದುವಾಗಲೇ ದಾರಿ ತಪ್ಪಿರುತ್ತದೆ. ಪುಸ್ತಕದ ಪದ ಒಂದು ಹೇಳುತ್ತದೆ, ಅದೇ ಪದ ಮನೆಯಲ್ಲಿ ಇನ್ನೊಂದು ಹೇಳುತ್ತದೆ.

ಎನರ್ಜಿ ಅಂದರೆ ಶಕ್ತಿ, ಫೋರ್ಸ್ ಅಂದರೆ ಬಲ, ಪವರ್ ಅಂದರೆ ಸಾಮರ್ಥ್ಯ. ಇದು ನಮ್ಮ ರಾಜ್ಯದ ಪಠ್ಯಪುಸ್ತಕದ ಹಂಚಿಕೆ. ಮಾತಿನಲ್ಲಿ ಮೂರೂ ಒಂದೇ ಮನುಷ್ಯನಿಗೆ ಸಲ್ಲುತ್ತವೆ. ಅವನಿಗೆ ಶಕ್ತಿ ಇದೆ, ಬಲ ಇದೆ, ಸಾಮರ್ಥ್ಯ ಇದೆ. ಹೇಗೆ ಹೇಳಿದರೂ ಗಟ್ಟಿ ಆಳು ಅಂತಲೇ ಅರ್ಥ. ಹಾಗಿರುವಾಗ ಒಂದಕ್ಕೆ ಜೂಲ್, ಒಂದಕ್ಕೆ ನ್ಯೂಟನ್, ಒಂದಕ್ಕೆ ವ್ಯಾಟ್ ಅಂದರೆ ಮಗು ಉರು ಹೊಡೆಯುವುದು ಬಿಟ್ಟು ಬೇರೆ ಏನು ಮಾಡೀತು?

ಒಂದು ಲೆಕ್ಕ ನೋಡಿ. ಬಾವಿಯ ನೀರಿನಿಂದ 10 ಮೀಟರ್ ಮೇಲೆ 1000 ಲೀಟರಿನ ಟ್ಯಾಂಕ್ ಇದೆ. ಒಂದು ಪಂಪು ಅದನ್ನು 200 ಸೆಕೆಂಡಿನಲ್ಲಿ ತುಂಬುತ್ತದೆ, ಇನ್ನೊಂದು 100 ಸೆಕೆಂಡಿನಲ್ಲಿ. ಯಾವ ಪಂಪು ನೀರಿಗೆ ಹೆಚ್ಚು ಶಕ್ತಿ ಕೊಟ್ಟಿತು? ತರಗತಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಎರಡನೆಯದು ಅನ್ನುತ್ತಾರೆ. 1000 ಲೀಟರ್ ನೀರು ಅಂದರೆ 1000 ಕಿಲೋ. ಗುರುತ್ವ ವೇಗೋತ್ಕರ್ಷವನ್ನು (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಏರುವ ಪ್ರಮಾಣ) 10 ಅಂತ ಹಿಡಿದರೆ ಕಿಲೋ, ಗುರುತ್ವ, ಎತ್ತರ ಗುಣಿಸಿ 1000 × 10 × 10, ಅಂದರೆ 1 ಲಕ್ಷ ಜೂಲ್. ಎರಡೂ ಪಂಪುಗಳಿಗೂ ಅಷ್ಟೇ. ಬೇರೆ ಇರುವುದು ಸಾಮರ್ಥ್ಯ. ಮೊದಲನೆಯದು 500 ವ್ಯಾಟ್, ಎರಡನೆಯದು 1000 ವ್ಯಾಟ್. ಮಕ್ಕಳ ಉತ್ತರ ಪುಸ್ತಕದ ಲೆಕ್ಕಕ್ಕೆ ತಪ್ಪು, ಮನೆಯ ಮಾತಿಗೆ ಪೂರ್ತಿ ಸರಿ. ‘ಆ ಪಂಪಿಗೆ ಶಕ್ತಿ ಜಾಸ್ತಿ’ ಅಂತಲೇ ಅವರ ಅಪ್ಪ ಹೇಳುವುದು.

ಇದಕ್ಕೆ ಉಪ್ಪು ಖಾರ ಹಾಕುವ ಪದ ಒಂದಿದೆ: ಅಶ್ವಶಕ್ತಿ. 1 ಅಶ್ವಶಕ್ತಿ ಅಂದರೆ 746 ವ್ಯಾಟ್. ಹಾಗಾದರೆ ಅದು ಸಾಮರ್ಥ್ಯದ ಅಳತೆ, ಹೆಸರಿನಲ್ಲಿ ಮಾತ್ರ ಶಕ್ತಿ. ಪಕ್ಕದ ಪುಟದಲ್ಲೇ ಶಕ್ತಿಯ ಏಕಮಾನ ಜೂಲ್ ಎಂದು ಅಚ್ಚಾಗಿರುತ್ತದೆ. ‘ಹಾರ್ಸ್‌ಪವರ್’ ಅನ್ನು ಕನ್ನಡಕ್ಕೆ ತಂದಾಗ ಪವರ್‌ಗೆ ಶಕ್ತಿ ಎಂದರು. ಎನರ್ಜಿಗೂ ಶಕ್ತಿಯೇ ಗಟ್ಟಿಯಾಯಿತು. ಜೋಡಿಪದ ಹಾಗೇ ಉಳಿದುಕೊಂಡಿತು. ತೋಟದವರು ಮಾತ್ರ ಈ ಗೊಂದಲಕ್ಕೆ ಸಿಕ್ಕಿಲ್ಲ. ಅವರು ‘ಐದು ಎಚ್‌ಪಿ ಪಂಪು’ ಅಂತಾರೆ. ಎಚ್‌ಪಿ ಜಾಸ್ತಿ ಇದ್ದರೆ ನೀರು ಬೇಗ ಏರುತ್ತದೆ, ಕರೆಂಟ್ ಬಿಲ್ ಬರುವುದು ಯೂನಿಟ್ ಲೆಕ್ಕದಲ್ಲಿ. ಎಚ್‌ಪಿ ಮತ್ತು ಯೂನಿಟ್ ಬೇರೆ ಬೇರೆ ಅಂತ ಶಾಲೆ ಬಿಟ್ಟವರಿಗೂ ಗೊತ್ತು. 1 ಯೂನಿಟ್ ಅಂದರೆ 1000 ವ್ಯಾಟಿನ ಸಾಮಾನು 1 ಗಂಟೆ ಓಡಿದಾಗ ಹೋಗುವ ಶಕ್ತಿ, 36 ಲಕ್ಷ ಜೂಲ್. ಸಾಮರ್ಥ್ಯ ಎಚ್‌ಪಿಯಲ್ಲಿ, ಶಕ್ತಿ ಯೂನಿಟ್‌ನಲ್ಲಿ. ನನ್ನ ಮಟ್ಟಿಗೆ ಜೂಲ್, ವ್ಯಾಟ್‌ಗಳಿಗಿಂತ ಮೊದಲು ಹೇಳಿಕೊಡಬೇಕಾದ ಜೋಡಿ ಇದು.

ಕಾಳಿ ನದಿಯ ದಂಡೆಯಲ್ಲಿ ಇನ್ನೊಂದು ತೊಡಕಿದೆ. ಹಿಂದಿಯಲ್ಲೂ ಮರಾಠಿಯಲ್ಲೂ ಎನರ್ಜಿಗೆ ‘ಊರ್ಜಾ’. ಪವರ್‌ಗೆ ‘ಶಕ್ತಿ’! ಅಲ್ಲಿಯ ಶಕ್ತಿಗೆ ವ್ಯಾಟ್, ಇಲ್ಲಿಯ ಶಕ್ತಿಗೆ ಜೂಲ್. ಅಣ್ಣ ಮರಾಠಿ ಶಾಲೆಯಲ್ಲಿ ಓದಿದವನು, ತಮ್ಮ ಕನ್ನಡ ಶಾಲೆಯವನು. ಅಣ್ಣ ತಮ್ಮನಿಗೆ ಲೆಕ್ಕ ಹೇಳಿಕೊಡಲು ಕೂತರೆ ಇಬ್ಬರೂ ಸರಿ, ಉತ್ತರ ಮಾತ್ರ ಹೊಂದುವುದಿಲ್ಲ. ಮೊಬೈಲಿನಲ್ಲಿ ಹಿಂದಿ ಪಾಠದ ವಿಡಿಯೋ ನೋಡಿ ಬರುವವರಿಗೂ ಇದೇ ಪಾಡು. ಬೆಂಗಳೂರು, ಮೈಸೂರಿನ ಮಕ್ಕಳಿಗೆ ಈ ತೊಂದರೆ ಇಷ್ಟು ಕಾಡಲಿಕ್ಕಿಲ್ಲ. ಬೆಳಗಾವಿ, ಬೀದರ್ ಕಡೆಯವರು ಇದ್ದರೆ ನಿಮ್ಮ ಅನುಭವ ಬರೆಯಿರಿ.

ಹಾಗಾದರೆ ನಾವೂ ‘ಊರ್ಜೆ’ ಅಂದುಬಿಡೋಣ, ಶಕ್ತಿಯನ್ನು ಪವರ್‌ಗೆ ಬಿಟ್ಟುಕೊಡೋಣ ಎಂದು ಕೆಲವರು ನನಗೆ ಹೇಳಿದ್ದಾರೆ. ನನಗೆ ಇದು ಒಪ್ಪಿಗೆ ಇಲ್ಲ. ಕನ್ನಡದಲ್ಲಿ ಸೌರಶಕ್ತಿ, ಪರಮಾಣು ಶಕ್ತಿ, ಚಲನಶಕ್ತಿ ಎಲ್ಲ ಬೇರು ಬಿಟ್ಟಾಗಿದೆ. ಊರ್ಜೆ ಎಂಬುದನ್ನು ನಮ್ಮ ಮಕ್ಕಳು ಎಲ್ಲೂ ಕೇಳಿರುವುದಿಲ್ಲ. ಹತ್ತಿರದ ‘ಊರ್ಜಿತ’ ಸಿಗುವುದು ಕೋರ್ಟಿನ ಸುದ್ದಿಯಲ್ಲಿ, ಅದೂ ಬೇರೆಯೇ ಅರ್ಥದಲ್ಲಿ. ಕೆಲವು ಬರಹಗಾರರು ಎನರ್ಜಿಗೆ ‘ಕಸುವು’ ಎಂದು ಬಳಸುತ್ತಾರೆ. ಪದ ಚೆಂದ ಇದೆ. ಆದರೆ ನಮ್ಮ ಕಡೆ ಮಣ್ಣಿಗೆ ಕಸುವು, ಮೈಗೆ ಕಸುವು. ನೀರಿಗೆ, ಕಲ್ಲಿಗೆ, ಬೆಳಕಿಗೆ ಕಸುವು ಅಂದರೆ ಕಿವಿಗೆ ಒಗ್ಗುವುದಿಲ್ಲ. ಇನ್ನು ಸರ್ಕಾರದ್ದು ಮೂರನೆಯ ದಾರಿ. ಕರೆಂಟ್ ನೋಡಿಕೊಳ್ಳುವ ಇಲಾಖೆಗೆ ‘ಇಂಧನ ಇಲಾಖೆ’ ಎಂದು ಹೆಸರು. ಇಂಧನ ಅಂದರೆ ಉರಿಸುವ ವಸ್ತು. ಸೌದೆ, ಕಲ್ಲಿದ್ದಲು, ಡೀಸೆಲ್ಲು. ಗೇರುಸೊಪ್ಪೆಯಲ್ಲಿ ನೀರಿನಿಂದ ಕರೆಂಟ್ ತೆಗೆಯುತ್ತಾರೆ. ಅಲ್ಲಿ ಉರಿಸುವುದು ಏನೂ ಇಲ್ಲ.

‘ಸಾಮರ್ಥ್ಯ’ಕ್ಕೆ ಮರಳುತ್ತೇನೆ. ಇದರ ತೊಂದರೆ ಶಕ್ತಿಯ ತೊಂದರೆಗಿಂತ ದೊಡ್ಡದು. ಸಾಮರ್ಥ್ಯ ಅಂದರೆ ಎಷ್ಟು ಹಿಡಿಸುತ್ತದೆ ಅಂತಲೂ ಆಗುತ್ತದೆ. 1000 ಲೀಟರ್ ಸಾಮರ್ಥ್ಯದ ಟ್ಯಾಂಕ್. 50 ಆಸನ ಸಾಮರ್ಥ್ಯದ ಬಸ್ಸು. ಮೇಲಿನ ಪಂಪಿನ ಲೆಕ್ಕವನ್ನೇ ‘1000 ಲೀಟರ್ ಸಾಮರ್ಥ್ಯದ ಟ್ಯಾಂಕ್ ತುಂಬುವ ಪಂಪಿನ ಸಾಮರ್ಥ್ಯ ಎಷ್ಟು?’ ಎಂದು ಬರೆದರೆ ಒಂದೇ ವಾಕ್ಯದಲ್ಲಿ ಒಂದೇ ಪದ ಎರಡು ಅರ್ಥಕ್ಕೆ ದುಡಿಯುತ್ತದೆ. ಮಕ್ಕಳು 1000 ಅಂತ ಬರೆದು ಕೆಳಗೆ ಗೆರೆ ಎಳೆಯುತ್ತಾರೆ.

ಪತ್ರಿಕೆಗಳಲ್ಲೂ ಇದರ ನೆರಳು ಬೀಳುತ್ತದೆ. ಕೈಗಾದಲ್ಲಿ ತಲಾ 220 ಮೆಗಾವಾಟಿನ 4 ಘಟಕಗಳಿವೆ. ಒಟ್ಟು 880 ಮೆಗಾವಾಟ್ (1 ಮೆಗಾವಾಟ್ ಅಂದರೆ 10 ಲಕ್ಷ ವ್ಯಾಟ್). ‘880 ಮೆಗಾವಾಟ್ ಸಾಮರ್ಥ್ಯದ ಸ್ಥಾವರ’ ಅಂದರೆ ಸರಿ. ‘ದಿನಕ್ಕೆ 880 ಮೆಗಾವಾಟ್ ಉತ್ಪಾದನೆ’ ಅಂದರೆ ತಪ್ಪು. ವ್ಯಾಟ್‌ನ ಹೊಟ್ಟೆಯಲ್ಲೇ ಸೆಕೆಂಡು ಇದೆ. ಪ್ರತಿ ಸೆಕೆಂಡಿಗೆ 1 ಜೂಲ್ ಅಂದರೆ 1 ವ್ಯಾಟ್. ಮತ್ತೆ ಅದರ ಮುಂದೆ ‘ದಿನಕ್ಕೆ’ ಸೇರಿಸಬಾರದು. ದಿನದ ಲೆಕ್ಕ ಬೇಕಾದರೆ ಯೂನಿಟ್ ಹೇಳಬೇಕು. ನಾಲ್ಕೂ ಘಟಕ ಪೂರ್ತಿ ಓಡಿದರೆ 24 ಗಂಟೆಯಲ್ಲಿ 2 ಕೋಟಿ 11 ಲಕ್ಷ ಯೂನಿಟ್ ಆಗುತ್ತದೆ. ನನ್ನ ಮಕ್ಕಳಿಗೆ ಈ ಲೆಕ್ಕ ತುಂಬಾ ಇಷ್ಟ. ಕೈಗಾದಲ್ಲಿ ಕೆಲಸ ಮಾಡುವವರು ಅವರ ಕೇರಿಯಲ್ಲೇ ಇದ್ದಾರೆ.

ಇಷ್ಟು ಹೇಳಿದ ಮೇಲೆ ನನ್ನ ಅನಿಸಿಕೆ ಹೇಳುತ್ತೇನೆ. ನಾಮಪದದಲ್ಲಿ ಕಲಸಿಹೋಗಿರುವುದನ್ನು ನಮ್ಮ ಕ್ರಿಯಾಪದಗಳು ಬೇರೆ ಮಾಡಿಯೇ ಇಟ್ಟುಕೊಂಡಿವೆ. ಬಲ ಹಾಕುತ್ತೇವೆ. ಶಕ್ತಿ ಖರ್ಚಾಗುತ್ತದೆ, ಉಳಿಯುತ್ತದೆ. ‘ಶಕ್ತಿ ಹಾಕಿ ನೂಕು’ ಅನ್ನುವವರು ಇದ್ದಾರೆ, ನಿಜ. ಆದರೆ ‘ಬಲ ಖರ್ಚಾಯಿತು’, ‘ಬಲ ಉಳಿಸಿಟ್ಟೆ’ ಅಂತ ನಾನು ಯಾರ ಬಾಯಲ್ಲೂ ಕೇಳಿಲ್ಲ. ಖರ್ಚಿನ ಮಾತು ಬಂದ ಕೂಡಲೇ ಬಲ ಹಿಂದೆ ಸರಿದು ಶಕ್ತಿ ಮುಂದೆ ಬರುತ್ತದೆ. ಭೌತವಿಜ್ಞಾನವೂ ಇದನ್ನೇ ಹೇಳುತ್ತದೆ ಅಲ್ವಾ? ಶಕ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ಅದಕ್ಕೆ ಜಮಾ ಖರ್ಚು ಉಂಟು. ಬಲಕ್ಕೆ ಜಮಾ ಖರ್ಚು ಇಲ್ಲ. ರಂಪಣಿ ಬಲೆ (ದಂಡೆಯಿಂದ ಎಳೆಯುವ ದೊಡ್ಡ ಮೀನುಬಲೆ) ಎಳೆಯುವಾಗ ದಂಡೆಯ ಎರಡೂ ಕಡೆ ಜನ ನಿಂತು ಬಲ ಹಾಕುತ್ತಾರೆ. ಬಲೆ ಒಂದಿಷ್ಟೂ ಅಲುಗಾಡದಿದ್ದರೂ ಬಲ ಬಲವೇ. ಹಗ್ಗ ಬಿಟ್ಟ ಕ್ಷಣ ಬಲ ಇಲ್ಲ. ಅದು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ.

ಆದ್ದರಿಂದ ನಾನು ಪ್ರಶ್ನೆ ಬರೆಯುವಾಗ ಕ್ರಿಯಾಪದವನ್ನು ಬಿಗಿಯಾಗಿ ಹಿಡಿಯುತ್ತೇನೆ. ‘ಎಷ್ಟು ಬಲ ಹಾಕಬೇಕು?’, ‘ಎಷ್ಟು ಶಕ್ತಿ ಖರ್ಚಾಯಿತು?’ ಹೀಗೆ ಬರೆದರೆ ನ್ಯೂಟನ್ನೋ ಜೂಲೋ ಎಂಬ ಅನುಮಾನ ಬಹಳ ಕಡಿಮೆಯಾಗುತ್ತದೆ. ಸಾಮರ್ಥ್ಯದ ಹತ್ತಿರ ಬಂದಾಗ ಈ ಉಪಾಯ ಕೈಕೊಡುತ್ತದೆ. ಸಾಮರ್ಥ್ಯ ಸುಮ್ನೆ ‘ಇರುತ್ತದೆ’. ಅದಕ್ಕೆ ಅಂಟಿಕೊಂಡ ಬೇರೆ ಕ್ರಿಯಾಪದ ನನಗೆ ಸಿಕ್ಕಿಲ್ಲ. ಮೊದಲ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟಿದ್ದು ಇದಕ್ಕೇ.

ನಾನು ಕೇಳಿದ ಪದಗಳು ಎರಡು. ಎರಡೂ ಡ್ರೈವರುಗಳ ಬಾಯಿಂದ ಬಂದವು. ಒಂದು ‘ದಮ್ಮು’. ‘ಘಟ್ಟ ಹತ್ತಲಿಕ್ಕೆ ಈ ಗಾಡಿಗೆ ದಮ್ಮಿಲ್ಲ.’ ಇನ್ನೊಂದು ‘ಪಿಕಪ್’. ‘ಪಿಕಪ್ ಚೆನ್ನಾಗಿದೆ’ ಅಂದರೆ ವೇಗ ಬೇಗ ಏರುತ್ತದೆ ಅಂತ. ಇದು ಪುಸ್ತಕದ ‘ವೇಗೋತ್ಕರ್ಷ’ಕ್ಕೆ ಹತ್ತಿರ. ವೇಗೋತ್ಕರ್ಷ ಅಂದಾಗ ಮುಖ ಮುಖ ನೋಡುವ ಮಗು ಪಿಕಪ್ ಅಂದರೆ ನಗುತ್ತದೆ, ಮತ್ತೆ ಮರೆಯುವುದಿಲ್ಲ. ದಮ್ಮು ಮಾತ್ರ ಪವರ್‌ಗೇ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ಗಾಡಿ ಕೊನೆಗೆ ಘಟ್ಟ ಹತ್ತುವುದಿಲ್ಲ ಅಂತ ಡ್ರೈವರ್ ಹೇಳುತ್ತಿಲ್ಲ. ಹತ್ತುತ್ತದೆ, ಏದುಸಿರು ಬಿಡುತ್ತಾ ನಿಧಾನ ಹತ್ತುತ್ತದೆ ಅಂತ.

ಲೆಕ್ಕ ಹಾಕಿ ನೋಡಬಹುದು. ಶಿರಸಿ ಸಮುದ್ರ ಮಟ್ಟಕ್ಕಿಂತ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವ ಬಸ್ಸು, ಜನ ಸೇರಿ 10 ಟನ್ ಎಂದು ಹಿಡಿಯೋಣ. ಈಗ ಗುರುತ್ವಕ್ಕೆ 9.8 ಹಾಕೋಣ. 10,000 × 9.8 × 590 ಅಂದರೆ 5 ಕೋಟಿ 78 ಲಕ್ಷ ಜೂಲ್. ಯೂನಿಟ್‌ಗೆ ತಿರುಗಿಸಿದರೆ ಬರೀ 16 ಯೂನಿಟ್. ಬಸ್ಸನ್ನು ಸಮುದ್ರದಿಂದ ಶಿರಸಿಗೆ ಎತ್ತಲು 16 ಯೂನಿಟ್ ಕರೆಂಟಿನಷ್ಟು ಶಕ್ತಿ ಸಾಕು ಅಂದಾಗ ಮಕ್ಕಳು ನಂಬುವುದಿಲ್ಲ. ರಸ್ತೆಯ ಘರ್ಷಣೆ, ಗಾಳಿಯ ತಡೆ, ಎಂಜಿನ್‌ನಲ್ಲಿ ಬಿಸಿಯಾಗಿ ಹೋಗುವುದು ಇವೆಲ್ಲ ಬೇರೆ. ಎತ್ತರದ ಲೆಕ್ಕ ಮಾತ್ರ ಇಷ್ಟು. ಇನ್ನು ದಮ್ಮು. ಅಷ್ಟೂ ಎತ್ತರವನ್ನು 1 ಗಂಟೆಯಲ್ಲಿ ಏರಿದರೆ ಸುಮಾರು 16 ಕಿಲೋವ್ಯಾಟ್, ಅಂದರೆ 21 ಎಚ್‌ಪಿ ಚಿಲ್ಲರೆ. ಅರ್ಧ ಗಂಟೆಯಲ್ಲಿ ಏರಬೇಕಾದರೆ 43 ಎಚ್‌ಪಿ. ಶಕ್ತಿ ಅದೇ, ದಮ್ಮು ಎರಡು ಪಟ್ಟು. ‘ದಮ್ಮು’ ಪಠ್ಯಪುಸ್ತಕಕ್ಕೆ ಹೋಗಲಿಕ್ಕಿಲ್ಲ. ಆದರೂ ಪುಸ್ತಕದ ಪದಕ್ಕೆ ಏಣಿಯಾಗಿ ಬಳಸಬಹುದು ಅಂತ ನನ್ನ ನಂಬಿಕೆ. ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಪದ ಇದ್ದರೆ ದಯವಿಟ್ಟು ಹೇಳಿ.

ಎರಡನೆಯ ಪ್ರಶ್ನೆ ‘ಕೆಲಸ’ದ ಬಗ್ಗೆ. ಇದರಲ್ಲಿ ಪದದ ತೊಡಕಿಗಿಂತ ಮನಸ್ಸಿನ ನೋವು ಜಾಸ್ತಿ. ತಲೆ ಮೇಲೆ ಹೊರೆ ಹೊತ್ತು ಸಮತಟ್ಟು ನೆಲದಲ್ಲಿ ನಡೆದರೆ ಕೆಲಸ ಸೊನ್ನೆ. ಇದು ಎಲ್ಲ ಪುಸ್ತಕಗಳಲ್ಲೂ ಇರುವ ಉದಾಹರಣೆ. ನಮ್ಮಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಅಕ್ಕೋರೆ, ನಮ್ಮ ಆಯಿ ದಿನಾ ಬಂದರಿನಿಂದ ಪೇಟೆಗೆ ಮೀನಬುಟ್ಟಿ ಹೊತ್ತು ಹೋಗ್ತಾಳೆ. ಅದು ಕೆಲಸ ಅಲ್ವಾ?’ ಆ ಪ್ರಶ್ನೆಗೆ ‘ವಿಜ್ಞಾನದಲ್ಲಿ ಕೆಲಸಕ್ಕೆ ಬೇರೆ ಅರ್ಥ’ ಎಂದಷ್ಟೇ ಹೇಳಿ ಕೂರಿಸುವುದು ಸರಿಯಲ್ಲ. ಅವಳ ಮಾತಿನಲ್ಲಿ ನ್ಯಾಯ ಇದೆ.

ನಿಜ ನೋಡಿದರೆ ತಪ್ಪು ಇರುವುದು ಪ್ರಶ್ನೆಯ ವಾಕ್ಯದಲ್ಲಿ. ‘ಅವಳು ಮಾಡಿದ ಕೆಲಸ ಎಷ್ಟು?’ ಎಂದು ಕೇಳಬಾರದು. ‘ಗುರುತ್ವ ಬಲದ ಎದುರು ಆದ ಕೆಲಸ ಎಷ್ಟು?’ ಎಂದು ಕೇಳಬೇಕು. ಭೌತವಿಜ್ಞಾನದಲ್ಲಿ ಕೆಲಸ ಮಾಡುವುದು ಬಲ, ಮನುಷ್ಯ ಅಲ್ಲ. ಬುಟ್ಟಿ ಮೇಲೆ ಕೆಳಗೆ ಹೋಗದಿದ್ದಾಗ ಗುರುತ್ವದ ಲೆಕ್ಕ ಸೊನ್ನೆ. ಅದೇ 20 ಕಿಲೋ ಬುಟ್ಟಿಯನ್ನು ನೆಲದಿಂದ 1.5 ಮೀಟರ್ ಎತ್ತಿ ತಲೆ ಮೇಲೆ ಇಟ್ಟಾಗ 294 ಜೂಲ್ ಕೆಲಸ ಆಯಿತು. ಹೊತ್ತು ನಡೆಯುವಾಗ ಆಯಿಯ ಮೈಯೊಳಗೆ ಶಕ್ತಿ ಖರ್ಚಾಗುತ್ತಲೇ ಇರುತ್ತದೆ. ಕುತ್ತಿಗೆ, ಬೆನ್ನು, ಕಾಲಿನ ಸ್ನಾಯುಗಳು ಬಿಗಿಯುತ್ತವೆ, ಸಡಿಲುತ್ತವೆ. ಉಂಡ ಅನ್ನದ ಶಕ್ತಿ ಅಲ್ಲಿ ಬಿಸಿಯಾಗಿ ಹೋಗುತ್ತದೆ. ಬೆವರು ಬರುವುದು ಅದಕ್ಕೇ. ಆ ಶಕ್ತಿಯನ್ನೂ ಜೂಲ್‌ನಲ್ಲೇ ಅಳೆಯುತ್ತಾರೆ. ಇಷ್ಟನ್ನು ಹೇಳಿದಾಗ ಹುಡುಗಿ ಒಪ್ಪಿದಳು. ನಾನು ಈಗ ‘ಶ್ರಮ’ ಮತ್ತು ‘ಕೆಲಸ’ ಎಂದು ಎರಡು ಪದ ಇಟ್ಟುಕೊಂಡಿದ್ದೇನೆ. ಹಿಂದಿ, ಮರಾಠಿಯ ‘ಕಾರ್ಯ’ ನಮಗೆ ಬೇಡ. ನಮ್ಮಲ್ಲಿ ಕಾರ್ಯ ಅಂದರೆ ಮನೆಯಲ್ಲಿ ನಡೆಯುವ ಪೂಜೆ, ಮದುವೆ. ಕೆಲಸವೇ ಇರಲಿ. ವಾಕ್ಯ ಬದಲಾಗಲಿ ಎನ್ನುವುದು ನನ್ನ ಬೇಡಿಕೆ. ಪಠ್ಯ ಬರೆಯುವವರು ಈ ಬಳಗದಲ್ಲಿ ಇದ್ದರೆ ಇದನ್ನು ಯೋಚಿಸಿ.

ಮೂರನೆಯದು ‘ರಾಶಿ’. ಮಾಸ್‌ಗೆ ನಮ್ಮ ಪುಸ್ತಕದ ಪದ. ಶಿರಸಿ ಕಡೆಯ ಮಗುವಿಗೆ ಈ ಪದ ಕೊಡುವುದು ಎಷ್ಟು ಕಷ್ಟ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಅಲ್ಲಿ ರಾಶಿ ಅಂದರೆ ತುಂಬಾ. ರಾಶಿ ಜನ, ರಾಶಿ ಮಳೆ, ರಾಶಿ ಚೊಲೋ. ಪೇಟೆಗೆ ಹೋದರೆ ಅಡಿಕೆಯ ಒಂದು ಬಗೆಗೇ ರಾಶಿ ಎಂದು ಹೆಸರು. ಬೆಟ್ಟೆ, ಚಾಲಿ, ಕೆಂಪುಗೋಟು ಇದ್ದ ಹಾಗೆ ರಾಶಿ. ‘ವಸ್ತುವಿನ ರಾಶಿ ಕಡಿಮೆ’ ಅಂದರೆ ಆ ಮಗುವಿಗೆ ‘ತುಂಬಾ ಕಡಿಮೆ’ ಅಂತ ಕೇಳಿಸುತ್ತದೆ. ಹಿಂದಿಯಲ್ಲಿ ರಾಶಿ ಅಂದರೆ ಯಾವುದೇ ಪರಿಮಾಣ, ಮಾಸ್‌ಗೆ ‘ದ್ರವ್ಯಮಾನ’. ಮರಾಠಿಯಲ್ಲಿ ‘ವಸ್ತುಮಾನ’. ನಮ್ಮಲ್ಲೂ ‘ದ್ರವ್ಯರಾಶಿ’ ಎಂಬ ಪೂರ್ತಿ ರೂಪ ಬಳಕೆಯಲ್ಲಿದೆ. ಅದನ್ನು ಮೊಟಕು ಮಾಡದೆ ಬಳಸುವುದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ದ್ರವ್ಯ ಎಷ್ಟು ಇದೆ ಎಂಬುದು ಹೆಸರಿನಲ್ಲೇ ಬರುತ್ತದೆ. ನಿಮಗೆ ಏನನ್ನಿಸುತ್ತದೆ?

ಇದಕ್ಕೆ ಜೋಡಿ ‘ತೂಕ’. ತೂಕವನ್ನು ನ್ಯೂಟನ್‌ನಲ್ಲಿ ಬರೆಯಬೇಕು ಎಂದು ಹೇಳಿಕೊಡುತ್ತೇವೆ. ಅಂಗಡಿಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಆಸ್ಪತ್ರೆಯಲ್ಲಿ ತೂಕ ಕಿಲೋದಲ್ಲೇ ಇರುತ್ತದೆ, ಇನ್ನು ಮುಂದೆಯೂ ಇರುತ್ತದೆ. ಜನರ ಬಾಯಿಂದ ಅದನ್ನು ಕಿತ್ತುಕೊಳ್ಳಲು ಆಗುವುದಿಲ್ಲ. ನನ್ನ ಯೋಚನೆ ಹೀಗಿದೆ. ತೂಕವನ್ನು ಕಿಲೋಗೇ ಬಿಟ್ಟು, ಭೂಮಿ ಎಳೆಯುವ ಬಲಕ್ಕೆ ‘ಭಾರ’ ಎನ್ನಬಾರದೇ? ಹಿಂದಿಯಲ್ಲಿ ಆ ಅರ್ಥಕ್ಕೆ ಭಾರ ಎಂದೇ ಇದೆ. ಕನ್ನಡದ ಕಿವಿಗೂ ಭಾರ ಅಂದರೆ ಕೆಳಕ್ಕೆ ಜಗ್ಗುವುದು. ಚಂದ್ರನ ಮೇಲೆ 60 ಕಿಲೋ ಮನುಷ್ಯನ ದ್ರವ್ಯರಾಶಿ 60 ಕಿಲೋನೇ, ಭಾರ ಇಲ್ಲಿಯದರ ಆರನೇ ಒಂದು ಪಾಲು. ಇದನ್ನು ಯಾವ ಮಗುವಿಗೂ ವಿವರಿಸಬೇಕಾಗುವುದಿಲ್ಲ.

ಒಂದು ಅಡ್ಡಿ ಇದೆ. ಕರಾವಳಿಯವರು ಮಳೆಗಾಲದ ಉದ್ದಕ್ಕೂ ‘ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ’ ಎಂಬ ಸುದ್ದಿ ಕೇಳುತ್ತಾರೆ. ದೋಣಿ ಇಳಿಸಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿದೆ. ಇಲ್ಲಿ ಭಾರ ಅಂದರೆ ಒತ್ತಡ. ಆದರೂ ಆ ಪದ ಕಟ್ಟಿದವರು ಸರಿಯಾಗಿಯೇ ಯೋಚಿಸಿದ್ದಾರೆ. ನಮ್ಮ ಮೇಲಿನ ಗಾಳಿಯ ಭಾರವೇ ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ನಿಂತಿರುವ ಗಾಳಿ ಸುಮಾರು 10 ಟನ್. ಹಾಗಾಗಿ ಈ ಅಡ್ಡಿ ದಾಟಬಹುದು ಅಂತ ನನ್ನ ಲೆಕ್ಕ.

ಕೊಂಕಣಿ ಮನೆಮಾತಿನವರಿಗೆ ಒಂದು ಪದ ಅನುಕೂಲವನ್ನೂ ಮಾಡಿಕೊಟ್ಟಿದೆ. ಕೊಂಕಣಿಯಲ್ಲಿ ‘ಜಡ’ ಅಂದರೆ ಭಾರವಾದದ್ದು. ಮರಾಠಿಯಲ್ಲೂ ಹಾಗೆಯೇ. ಕನ್ನಡದಲ್ಲಿ ಜಡ ಅಂದರೆ ಚುರುಕಿಲ್ಲದ್ದು, ಜೀವವಿಲ್ಲದ್ದು. ‘ಜಡತ್ವ’ದ (ಇದ್ದ ಸ್ಥಿತಿಯಲ್ಲೇ ಇರುವ ವಸ್ತುವಿನ ಗುಣ) ಪಾಠ ಬಂದಾಗ ಕಾರವಾರದ ಮಕ್ಕಳು ಅದನ್ನು ‘ಭಾರ ಇರುವ ಗುಣ’ ಎಂದು ಓದಿಕೊಳ್ಳುತ್ತಾರೆ. ಪೂರ್ತಿ ಸರಿ ಅಲ್ಲ. ಆದರೆ ದ್ರವ್ಯರಾಶಿ ಹೆಚ್ಚಿದ್ದರೆ ಜಡತ್ವವೂ ಹೆಚ್ಚು. ನಿಂತ ಲಾರಿ ಹೊರಡಿಸುವುದೂ ಕಷ್ಟ, ಓಡುವ ಲಾರಿ ನಿಲ್ಲಿಸುವುದೂ ಕಷ್ಟ. ‘ಸೋಮಾರಿ ವಸ್ತು’ ಎಂದು ತಿಳಿಯುವ ಬಯಲುಸೀಮೆಯ ಮಗುವಿಗಿಂತ ಇವರು ಉತ್ತರಕ್ಕೆ ಹತ್ತಿರ ಇರುತ್ತಾರೆ. ಸೋಮಾರಿ ಅಂದುಕೊಂಡರೆ ಓಡುವ ವಸ್ತು ಓಡುತ್ತಲೇ ಇರುವ ಅರ್ಧ ಕೈಬಿಟ್ಟುಹೋಗುತ್ತದೆ.

ಜವ ಮತ್ತು ವೇಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದಿಕ್ಕು ಇಲ್ಲದ್ದು ಜವ, ಇರುವುದು ವೇಗ ಎಂದು ಪುಸ್ತಕ. ರಸ್ತೆ ಬದಿಯ ಫಲಕ ‘ವೇಗದ ಮಿತಿ 40’ ಅನ್ನುತ್ತದೆ, ಅಲ್ಲಿ ದಿಕ್ಕಿಲ್ಲ. ಜವ ಎಂದ ಕೂಡಲೇ ಮಕ್ಕಳಿಗೆ ಜವರಾಯ ನೆನಪಾಗುತ್ತಾನೆ. ಘಟ್ಟದ ತಿರುವಿನಲ್ಲಿ ಅದು ನೆನಪಾಗುವುದು ಒಳ್ಳೆಯದೇ.

‘ಪ್ರಚ್ಛನ್ನ ಶಕ್ತಿ’ (ಪೊಟೆನ್ಶಿಯಲ್ ಎನರ್ಜಿ) ಮಾತ್ರ ನನಗೆ ಬಹಳ ಯೋಚನೆ ಹಚ್ಚಿದೆ. ಪ್ರಚ್ಛನ್ನ ಅಂದರೆ ಮರೆಯಾಗಿರುವುದು. ಅಡಿಕೆ ಮರದಲ್ಲಿ 15 ಮೀಟರ್ ಮೇಲೆ ಕೊನೆ (ಅಡಿಕೆಯ ಗೊಂಚಲು) ತೂಗುತ್ತಿದೆ. ಅದು ಅಲ್ಲಿ ಇರುವುದು ಎಲ್ಲರಿಗೂ ಕಾಣುತ್ತದೆ. ಮರೆ ಎಲ್ಲಿ ಬಂತು? 6 ಕಿಲೋ ಕೊನೆ ಆದರೆ 882 ಜೂಲ್. ಕೈಬಿಟ್ಟರೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗ. ಅದಕ್ಕೇ ಕೊನೆ ಕೊಯ್ಯುವ ಕೊನೆಗೌಡ ಅದನ್ನು ಹಗ್ಗಕ್ಕೆ ಹಾಕಿ ಜಾರಿಸುತ್ತಾನೆ, ಕೆಳಗೆ ಒಬ್ಬ ಹಗ್ಗ ಹಿಡಿದು ನಿಂತಿರುತ್ತಾನೆ. 882 ಜೂಲ್‌ನಲ್ಲಿ ಒಂದಷ್ಟು ಹಗ್ಗದ ಘರ್ಷಣೆಯಲ್ಲಿ ಬಿಸಿಯಾಗಿ ಹೋಗುತ್ತದೆ, ಉಳಿದಷ್ಟು ಮಾತ್ರ ವೇಗವಾಗುತ್ತದೆ. ನಾನು ತರಗತಿಯಲ್ಲಿ ‘ಕೂಡಿಟ್ಟ ಶಕ್ತಿ’ ಅನ್ನುತ್ತೇನೆ. ಎತ್ತಿದವರು ಖರ್ಚು ಮಾಡಿದ್ದು ಅಲ್ಲಿ ಕೂಡಿದೆ. ಎಳೆದ ರಬ್ಬರಿಗೂ ಅಣೆಕಟ್ಟಿನ ನೀರಿಗೂ ಇದು ಹೊಂದುತ್ತದೆ. ಸುಪಾ ಅಣೆಕಟ್ಟಿನ ನೀರನ್ನು ನೋಡಿದವರು ಅದನ್ನು ಮರೆಯಾದ ಶಕ್ತಿ ಅನ್ನಲಾರರು.

ಹೀಗೇ ‘ಮರೆ’ಯ ಅರ್ಥ ಇರುವ ‘ಗುಪ್ತೋಷ್ಣ’ದ (ಲೇಟೆಂಟ್ ಹೀಟ್) ಮೇಲೆ ನನ್ನ ತಕರಾರು ಇಲ್ಲ. ಅಲ್ಲಿ ‘ಗುಪ್ತ’ ಸರಿಯಾದ ಜಾಗದಲ್ಲಿ ಕೂತಿದೆ. ಬೈತಖೋಲ ಬಂದರಿನಲ್ಲಿ ಮೀನಿನ ಮೇಲೆ ಸುರಿಯುವ ಐಸು ಕರಗುವಾಗ 1 ಕಿಲೋಗೆ 3 ಲಕ್ಷ 34 ಸಾವಿರ ಜೂಲ್ ಉಷ್ಣ ಹೀರುತ್ತದೆ. ಪೂರ್ತಿ ಕರಗುವ ತನಕ ಥರ್ಮಾಮೀಟರ್ ಸೊನ್ನೆ ಬಿಟ್ಟು ಏಳುವುದಿಲ್ಲ. ಅಷ್ಟೂ ಉಷ್ಣ ಥರ್ಮಾಮೀಟರಿನ ಕಣ್ಣಿಗೆ ಕಾಣದೆ ಒಳಗೆ ಹೋಗಿದೆ. ಹೆಸರಿಟ್ಟವರು ಅಳೆಯುವವನ ಜಾಗದಲ್ಲಿ ನಿಂತು ನೋಡಿದ್ದಾರೆ. 10 ಕಿಲೋ ಐಸು ಕರಗಲು ಬೇಕಾದದ್ದು 33 ಲಕ್ಷ ಜೂಲ್ ಚಿಲ್ಲರೆ, ಹೆಚ್ಚುಕಡಿಮೆ 1 ಯೂನಿಟ್ ಕರೆಂಟ್. ಕರಗಿದ ಆ ನೀರನ್ನೇ ಸೊನ್ನೆಯಿಂದ 30 ಡಿಗ್ರಿಗೆ ಏರಿಸಲು 12.5 ಲಕ್ಷ ಜೂಲ್ ಸಾಕು. ತಣ್ಣೀರು ಹಾಕದೆ ಐಸೇ ಹಾಕುವುದು ಯಾಕೆ ಎಂದು ಮೀನುಗಾರರ ಮಕ್ಕಳಿಗೆ ಈ ಲೆಕ್ಕದಿಂದ ಹೇಳಬಹುದು.

ಈಗ ನಿಮ್ಮ ಉತ್ತರ ಬೇಕಾದ ಜಾಗಗಳು. ಪವರ್‌ಗೆ ಆಡುಮಾತಿನ ಪದ, ಅದರ ಜೊತೆ ಬರುವ ಕ್ರಿಯಾಪದ. ಅಶ್ವಶಕ್ತಿಯನ್ನು ಬಿಟ್ಟು ಬರೀ ಎಚ್‌ಪಿ ಎಂದು ಅಚ್ಚು ಹಾಕಿದರೆ ಏನಾದರೂ ಕಳೆದುಕೊಳ್ಳುತ್ತೇವೆಯೇ? ತೂಕ ಮತ್ತು ಭಾರವನ್ನು ನಾನು ಹೇಳಿದ ಹಾಗೆ ಹಂಚಿದರೆ ನಿಮ್ಮ ಊರಿನ ಮಾತಿಗೆ ಅಡ್ಡಿಯಾಗುತ್ತದೆಯೇ? ಪ್ರಚ್ಛನ್ನಕ್ಕೆ ‘ಕೂಡಿಟ್ಟ’ ಆದೀತೇ, ಅಥವಾ ಮೊದಲಿನಿಂದ ಬಳಕೆಯಲ್ಲಿರುವ ಬೇರೆ ಪದ ಇದೆಯೇ?

ಬರೀ ಪದ ಬರೆದರೆ ಸಾಲದು. ಯಾರು, ಯಾವ ಕೆಲಸದಲ್ಲಿ, ಯಾವ ವಾಕ್ಯದಲ್ಲಿ ಹಾಗೆ ಅಂದರು ಎಂದು ಪೂರ್ತಿ ಬರೆಯಿರಿ. ಗರಗಸದ ಮಿಲ್ಲಿನವರು, ಬೋಟಿನ ಎಂಜಿನ್ ರಿಪೇರಿ ಮಾಡುವವರು, ಗದ್ದೆ ಉಳುವವರು ನಿಮ್ಮ ಪರಿಚಯದಲ್ಲಿದ್ದರೆ ಅವರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಬಂದ ವಾಕ್ಯಗಳನ್ನೇ ಇಟ್ಟುಕೊಂಡು ಮಕ್ಕಳಿಗೆ ಹೊಸ ಲೆಕ್ಕಗಳನ್ನು ಬರೆಯಬೇಕೆಂದಿದ್ದೇನೆ.

ಕಾರವಾರದಿಂದ, ವಂದನೆಗಳೊಂದಿಗೆ.